ತಾತನ ಟವೆಲ್‌ನಲ್ಲಿದ್ದ ಪುಡಿ

ನಮ್ಮ ಪುಟ್ಟಿಗೆ ಕೆಮ್ಮು ಶುರುವಾಗಿ ತಿಂಗಳುಗಳೇ ಆಗಿದ್ದವು. ಹಗಲೆಲ್ಲ ಮನೆ ತಲೆಕೆಳಗು ಮಾಡುವ ಹುಡುಗಿ, ಮಲಗಿದೊಡನೆ ಗೊರಗೊರ ಎಂದು ಉಸಿರೆಳೆಯುತ್ತಿದ್ದಳು. ಡಾಕ್ಟರು ಔಷಧಿ ಕೊಟ್ಟರೆ ನಾಲ್ಕು ದಿನ ಆರಾಮ, ಆಮೇಲೆ ಮತ್ತೆ ಅದೇ ರಾಗ, ಅದೇ ಹಾಡು. ಇಷ್ಟುದ್ದದ ಮಗು ಉಸಿರಿಗಾಗಿ ಒದ್ದಾಡುವುದನ್ನು ನೋಡಿದರೆ ಹೆತ್ತ ಕರುಳು ಹೇಗೆ ತಡೆದೀತು?

ನಮ್ಮ ಮಾವ ಪುಡಿ ಮಾಡುವ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಒಣಗಿದ ಕಡ್ಡಿ, ಎಲೆ, ತೊಗಟೆ, ಹೊಟ್ಟು ಎಲ್ಲವನ್ನೂ ಅಲ್ಲಿ ಅರೆದು, ಜರಡಿ ಹಿಡಿದು, ನುಣ್ಣಗೆ ಮಾಡುತ್ತಾರೆ. ಅದನ್ನು ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವವರು ಚೀಲಗಟ್ಟಲೆ ಒಯ್ಯುತ್ತಾರೆ. ಮಾವ ಅರೆದ ಪುಡಿ ಬೆರಳ ನಡುವೆ ಇದೆಯೋ ಇಲ್ಲವೋ ಗೊತ್ತೇ ಆಗದು. ಅದರ ಬಗ್ಗೆ ಅವರಿಗೆ ಒಂಚೂರು ಜಂಬವೂ ಉಂಟು, ಇರಲಿ ಬಿಡಿ. ಅರೆಯುವಾಗ ಮೂಗಿಗೆ ಒಂದು ಹಳೆಯ ಟವೆಲ್ ಸುತ್ತಿಕೊಳ್ಳುತ್ತಾರೆ.

ಸಂಜೆ ಅವರು ಬಂದರೆ ಪುಟ್ಟಿ ಬಾಗಿಲಲ್ಲೇ ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಟವೆಲ್ ಕಿತ್ತುಕೊಂಡು ಓಡುತ್ತಿದ್ದಳು. ಅದನ್ನು ಕೆನ್ನೆಗೆ ಒತ್ತಿಕೊಂಡರೇನೇ ಅವಳಿಗೆ ನಿದ್ದೆ. ಒಗೆದು ಕೊಟ್ಟರೆ "ತಾತನ ವಾಸನೆ ಹೋಯ್ತು" ಎಂದು ರಂಪ. ಅಜ್ಜ ಮೊಮ್ಮಗಳ ಪ್ರೀತಿ ನೋಡಿ ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಒಂದು ರಜೆಯ ಮಧ್ಯಾಹ್ನ, ಮನೆಮನೆಗೆ ಬರುವ ನರ್ಸಕ್ಕ ಬಂದರು. ಪುಟ್ಟಿ ಟವೆಲ್ ತಬ್ಬಿ ಮಲಗಿದ್ದಳು. ಎದೆ ಸಿಳ್ಳೆ ಹೊಡೆಯುತ್ತಿತ್ತು.

"ಇದು ಯಾರ ಟವೆಲ್?" ನರ್ಸಕ್ಕ ಕೇಳಿದರು.

"ನಂದೇ. ಗಿರಣೀಲಿ ಮೂಗಿಗೆ ಕಟ್ಕೊಳ್ಳೋದು," ಎಂದರು ಮಾವ. "ಇದಿಲ್ದೆ ನಮ್ಮ ಮಹಾರಾಣಿ ಕಣ್ಣು ಮುಚ್ಚಲ್ಲ."

ನರ್ಸಕ್ಕ ಮೆಲ್ಲಗೆ ಅದನ್ನು ಎಳೆದುಕೊಂಡು ಅಂಗಳಕ್ಕೆ ಹೋದರು. "ಸ್ವಲ್ಪ ದೂರ ನಿಲ್ಲಿ" ಎಂದು, ಮೂಗು ಮುಚ್ಚಿಕೊಂಡು ಒಂದೇ ಸಲ ಒದರಿದರು. ಪುಡಿ ಎದ್ದಿತು. ಬಿಸಿಲಲ್ಲಿ ಅಲ್ಲೇ ತೇಲುತ್ತಾ ನಿಂತಿತು.

"ನೋಡಿದ್ರಾ, ಹೇಗಿದೆ ನುಣುಪು! ಕೆಳಗೇ ಬೀಳಲ್ಲ!" ಮಾವ ಹಿಗ್ಗಿದರು.

"ಅದೇ ಯಜಮಾನ್ರೇ ನನ್ನ ಭಯ. ಮಗು ಮಲಗಿದಷ್ಟು ಹೊತ್ತೂ ಇದನ್ನೇ ಒಳಗೆ ಎಳ್ಕೊಳ್ತಿದೆ."

"ಅಯ್ಯೋ ಬಿಡಿ ತಾಯಿ, ಇದೇನು ಸಿಮೆಂಟಾ? ಎಲೆ, ಕಡ್ಡಿ! ದನ ತಿನ್ನಲ್ವಾ? ಗಿಡದ ಪುಡಿ ಯಾರಿಗೇನು ಮಾಡುತ್ತೆ?"

ನಮ್ಮ ಮಾವ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ನರ್ಸಕ್ಕ ನಕ್ಕರು. "ದನ ತಿಂದದ್ದು ಹೊಟ್ಟೆಗೆ ಹೋಗುತ್ತೆ. ಇದು ಹೋಗೋದು ಎದೆಗೆ. ತರಿತರಿ ಪುಡಿ ಆದ್ರೆ ಮೂಗಲ್ಲೇ ನಿಲ್ಲುತ್ತೆ, ಸೀನಿದ್ರೆ ಆಚೆ ಬರುತ್ತೆ. ಪುಡಿ ನುಣ್ಣಗಾದಷ್ಟೂ ಆಳಕ್ಕೆ ಇಳಿಯುತ್ತೆ. ಗಿಡದ್ದಾದ್ರೂ ಅಷ್ಟೇ."

"ನಂಗೇನೂ ಆಗಿಲ್ವಲ್ಲ ಇಷ್ಟು ವರ್ಷ?"

ನನಗೆ ತಡೆಯಲಾಗಲಿಲ್ಲ. "ಮಾವ, ಬೆಳಿಗ್ಗೆ ಎದ್ದು ಅಷ್ಟು ಹೊತ್ತು ಕ್ಯಾಕರಿಸ್ತೀರಲ್ಲ, ಅದೇನು ಸಂಗೀತಾನಾ?"

ಮಾವ ನನ್ನನ್ನು ದುರುಗುಟ್ಟಿ ನೋಡಿದರು. ಒಳಗೆ ಪುಟ್ಟಿ ಕೆಮ್ಮಿದಳು. ಅವರ ಮುಖ ಸಣ್ಣಗಾಯಿತು.

"ಹಾಗಾದ್ರೆ ನನ್ನ ಕೂಸಿಗೆ ನಾನೇ..." ಎಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಗೊತ್ತಿದ್ದು ಮಾಡಿದ್ದಲ್ವಲ್ಲ," ನರ್ಸಕ್ಕ ಅವರ ಪಕ್ಕ ಕೂತರು. "ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಡಾಕ್ಟರಿಗೆ ನಿಮ್ಮ ಕೆಲಸದ ವಿಷಯಾನೂ ಹೇಳಿ, ಔಷಧಿ ನಿಲ್ಲಿಸ್ಬೇಡಿ. ಆದ್ರೆ ಪುಡಿ ಮನೆ ಹೊಸಿಲು ದಾಟೋದು ಇವತ್ತಿಗೇ ನಿಲ್ಲಲಿ. ಗಿರಣೀಲೇ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕ್ಕೊಂಡು ಬನ್ನಿ. ಕೆಲಸದ ಬಟ್ಟೆ ಮನೇಲಿ ಒದರ್ಬೇಡಿ, ನೆನೆಸಿ ಬೇರೆಯಾಗೇ ಒಗೀರಿ. ಮೂಗಿಗೆ ಟವೆಲ್ ಸಾಲದು, ದೂಳು ತಡೆಯೋ ಬಿಗಿಯಾದ ಮಾಸ್ಕ್ ಬೇಕು. ಮತ್ತೆ, ಗಿರಣೀಲಿ ಬೀಡಿ, ಒಲೆ ಹತ್ತಿರಕ್ಕೂ ಬರ್ಬಾರ್ದು. ತೇಲೋ ಪುಡಿಗೆ ಕಿಡಿ ಸೋಕಿದ್ರೆ ಭಗ್ಗಂತ ಹತ್ಕೊಳ್ಳುತ್ತೆ."

ಮರುದಿನ ಮಾವ ಗಿರಣಿಯ ನಲ್ಲಿಯಲ್ಲೇ ಮಿಂದು, ಬಟ್ಟೆ ಬದಲಿಸಿ ಬಂದರು. ಪುಟ್ಟಿ ಓಡಿಹೋಗಿ ಅಪ್ಪಿಕೊಂಡಳು, ಮೂಸಿದಳು, ತಳ್ಳಿಬಿಟ್ಟಳು.

"ನೀನು ತಾತ ಅಲ್ಲ! ಟವೆಲ್ ಕೊಡು!"

ಮಲಗುವ ಹೊತ್ತಿಗೆ ಅತ್ತು ಅತ್ತು ಬಿಕ್ಕಳಿಕೆ ಹತ್ತಿತು. ಮಾವನ ಕಣ್ಣಲ್ಲೂ ನೀರು. "ಇವತ್ತೊಂದಿನ ಕೊಟ್ಟುಬಿಡ್ಲೇನಮ್ಮಾ?" ಎಂದು ನನ್ನ ಕೇಳಿದರು. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಕರಗಿತ್ತು. ಗಟ್ಟಿ ಮನಸ್ಸು ಮಾಡಿ "ಬೇಡ ಮಾವ" ಎಂದೆ.

ಅವರು ಅವಳ ಪಕ್ಕ ಮಲಗಿ ತೋಳು ಚಾಚಿದರು. ಪುಟ್ಟಿ ಮುನಿಸಿನಿಂದಲೇ ತಲೆಯಿಟ್ಟಳು. ತಾತನ ಕಿವಿ ಹಿಡಿದುಕೊಂಡಳು. ಹಾಗೇ ನಿದ್ದೆ ಹೋದಳು. ತೋಳು ಜೋಮು ಹಿಡಿದರೂ ಮಾವ ಕದಲಲಿಲ್ಲ.

ವಾರಗಳು ಕಳೆದವು. ಡಾಕ್ಟರು ಎದೆ ಪರೀಕ್ಷಿಸಿ, "ಉಸಿರು ಸರಾಗ ಆಗ್ತಿದೆ, ಹೀಗೇ ನೋಡ್ಕೊಳ್ಳಿ" ಎಂದರು. ಮಾವನ ಮಾತು ಕೇಳಿ ಗಿರಣಿಯ ಮಾಲೀಕರು ಪುಡಿ ಬೀಳುವ ಬಾಯಿಗೆ ದಪ್ಪ ಬಟ್ಟೆಯ ಚೀಲ ಬಿಗಿಸಿದರು. ಟೀ ಕಾಯಿಸುವ ಒಲೆ ಕಾಂಪೌಂಡಿನ ಆಚೆಗೆ ಹೋಯಿತು. ಈಗ ಅಲ್ಲಿ ಯಾರೂ ಒಣ ಪೊರಕೆಯಲ್ಲಿ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಮಾಸ್ಕ್ ಮರೆತು ಬಂದವರಿಗೆ ಮಾವನ ಬೈಗುಳ ಗ್ಯಾರಂಟಿ.

ಅಣ್ಣಂದಿರೇ, ಅಕ್ಕಂದಿರೇ, ಎಲೆಯೋ ಹೊಟ್ಟೋ ಮರದ ಪುಡಿಯೋ, ನೀವು ಏನನ್ನೇ ಅರೆಯುತ್ತಿರಿ, "ಗಿಡದ್ದು ತಾನೇ" ಎಂದು ಅಸಡ್ಡೆ ಮಾಡಬೇಡಿ. ನಿಮಗಾಗಲಿ ಮಗುವಿಗಾಗಲಿ ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲಿ ಕೂಸು ಕೈ ಚಾಚಿದಾಗ ಎತ್ತಿಕೊಳ್ಳದೆ ನಿಲ್ಲುವುದು ಎಷ್ಟು ಕಷ್ಟ ಎಂದು ನಮಗೆ ಗೊತ್ತು. ಆದರೂ ಮೊದಲು ಸ್ನಾನ ಮಾಡಿ, ಬಟ್ಟೆ ಬದಲಿಸಿ. ಆಮೇಲೆ ಎತ್ತಿಕೊಂಡು ಎಷ್ಟು ಬೇಕಾದರೂ ಮುದ್ದಾಡಿ.