ಮಾಲವಣಕ್ಕೆ ನೀವೂ ಬರ್ರಿ

ಜಗದೇವನಿಗೆ ಸಮುದ್ರದ ಹುಚ್ಚು ಹಿಡಿಸಿದವನು ತೆಂಗಿನಕಾಯಿ ಲಾರಿಯ ಒಬ್ಬ ಡ್ರೈವರ್. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ಜಗದೇವ ಖಜೂರಿ ರಸ್ತೆಯ ಉಸ್ಮಾನಸಾಬರ ಟೈರ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಕೊಂಕಣದ ಆ ಡ್ರೈವರ್ ಪಂಕ್ಚರ್ ಹಾಕಿ ಮುಗಿಯುವ ತನಕ ಬೀಡಿ ಸೇದುತ್ತ ಕೂತು ಮಾಲವಣದ ಮಾತು ತೆಗೆದ. ಅವನ ಅಕ್ಕನ ಮನೆ ಅಲ್ಲಿ ನೀರಿಗೆ ಹತ್ತಿಕೊಂಡೇ ಇದೆಯಂತೆ. ಮೇಲಿನ ಖೋಲಿಯನ್ನು ಬಂದವರಿಗೆ ಬಾಡಿಗೆಗೆ ಕೊಡುತ್ತಾಳಂತೆ. ಕಿಟಕಿ ತೆಗೆದರೆ ಮನುಷ್ಯರ ಸದ್ದೇ ಇಲ್ಲವಂತೆ, ಬರೀ ತೆರೆಗಳ ಸದ್ದು.

ಮನುಷ್ಯರ ಸದ್ದೇ ಇಲ್ಲ! ಆ ಒಂದು ಮಾತು ಜಗದೇವನ ತಲೆಯಲ್ಲಿ ಕೂತುಬಿಟ್ಟಿತು.

ಯುಗಾದಿಗೆ ಸ್ವಲ್ಪ ಮೊದಲು ಅವನ ಮದುವೆಯಾಗಿತ್ತು. ಆಳಂದದ ಮನೆಯಲ್ಲಿ ಎರಡೇ ಖೋಲಿ, ನಡುವೆ ಬಾಗಿಲಿನ ಬದಲು ಒಂದು ಪರದೆ. ಪರದೆಯ ಆಚೆ ತಾಯಿ ಕಸ್ತೂರಿಬಾಯಿ ಮಗ್ಗಲು ಬದಲಿಸಿದರೂ ಈಚೆಗೆ ಕೇಳುತ್ತಿತ್ತು. ಹೆಂಡತಿ ವಿದ್ಯಾವತಿ ಅವನೊಡನೆ ಆಡುತ್ತಿದ್ದುದು ‘ಹ್ಞೂಂರಿ’, ‘ಇಲ್ರಿ’, ಅಷ್ಟೇ. ಆಕೆಯೇನೂ ಮೂಕಿಯಲ್ಲ. ಜೇವರ್ಗಿಯ ತವರಿಗೆ ಕರೆಯಲು ಹೋದಾಗ, ಅಂಗಳದಲ್ಲಿ ಇವನು ಚಪ್ಪಲಿ ಬಿಡುತ್ತಿರುವಾಗಲೇ ಒಳಗೆ ಆಕೆ ತಂಗಿಯ ಜೊತೆ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತ್ತು. ಇವನು ಹೊಸ್ತಿಲು ದಾಟಿದ. ನಗು ಗಪ್ಪನೆ ನಿಂತಿತು. ಹೆಂಡತಿ ತನ್ನ ಎದುರು ಒಮ್ಮೆ ಹಾಗೆ ನಗಬೇಕು, ಹೊಟ್ಟೆಯಲ್ಲಿದ್ದುದನ್ನೆಲ್ಲ ಮಾತಾಡಬೇಕು. ಮಾಲವಣಕ್ಕೆ ಹೋಗುವುದೇ ಅದಕ್ಕೆ. ಸಮುದ್ರ ಅವನಿಗೆ ಒಂದು ನೆಪ.

ಉಸ್ಮಾನಸಾಬರು ತಮ್ಮ ಸಣ್ಣ ಕಾರು ಕೊಡಲು ಒಪ್ಪಿದರು. ಆದರೆ ನಡೆಸುವವನು ಅವರ ಮಗ ತೌಸೀಫ.

“ನಾ ನಡಸ್ತೇನ್ರಿ ಸಾಬ್,” ಎಂದ ಜಗದೇವ.

“ನೀನಾ? ಮೊನ್ನಿ ಟೈರ್ ಬಿಚ್ಚಲಿಲ್ಲ ಅಂತ ಟೈರಿಗೇ ಒದ್ದಿ. ನಿನ್ ಸಿಟ್ಟಿನ ಕೈಯಾಗ ಸ್ಟೇರಿಂಗ್ ಕೊಟ್ರ ನನ್ ಗಾಡಿ ಸಮುದ್ರದಾಗೇ ಈಜತದ. ತೌಸೀಫ ಬರ್ತಾನ. ಅವಂಗ ಅಲ್ಲಿ ದೋಸ್ತರ ಅದಾರ, ನಿಮ್ ನಡಕ ಬರಂಗಿಲ್ಲ.”

ಅದೂ ಆಯಿತು. ಉಳಿದದ್ದು ತಾಯಿಗೆ ಹೇಳುವುದು.

ಈ ಕಡೆ ಒಂದು ನಡವಳಿಕೆಯಿದೆ. ಊರಿಗೆ ಹೋಗುವ ಸುದ್ದಿ ಹೇಳಿದವನು ‘ನೀವೂ ಬರ್ರಿ’ ಅನ್ನಬೇಕು. ಕೇಳಿದವರು ‘ಇಲ್ರಿ, ನೀವ್ ಹೋಗಿ ಬರ್ರಿ’ ಅನ್ನಬೇಕು. ಕರೆಯದಿದ್ದರೆ ಹೇಳಿದವನು ಸೊಕ್ಕಿನವ, ಕರೆದ ತಕ್ಷಣ ಹೊರಟರೆ ಕೇಳಿದವನು ಬುದ್ಧಿಯಿಲ್ಲದವ. ಬಚ್ಚಲ ಗೋಡೆಯ ಆಚೆಯ ನೆರೆಮನೆಯ ಶಮ್ಸುನ್ನಿಸಾಳಿಗೆ ಜಗದೇವ ಸುದ್ದಿ ಹೇಳಿ, “ನೀವೂ ಬರ್ರಿ ಖಾಲಾ,” ಎಂದಾಗ, ಆಕೆ ತಟ್ಟೆಯಲ್ಲಿದ್ದ ಅಕ್ಕಿಯಿಂದ ಕಣ್ಣು ಎತ್ತದೆಯೇ, “ನಾ ಎಲ್ಲಿ ಬರ್ಲಪ್ಪ, ನೀವ್ ಹೋಗಿ ಬರ್ರಿ,” ಎಂದಳು. ಹೀಗೆ ಮುಗಿಯಬೇಕು ಮಾತು.

ಅದೇ ಧೈರ್ಯದ ಮೇಲೆ ಅವನು ಒಳಗೆ ಬಂದು ತಾಯಿಗೂ ಅಂದ: “ನೀನೂ ಬಾರವ್ವ.”

ಕಸ್ತೂರಿಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಖರೇ ಕರೀತಿ ಏನಪ್ಪ? ನಿಮ್ಮಪ್ಪ ಹೋದ ಮ್ಯಾಲ ನಾ ಸೊಲ್ಲಾಪುರ ದಾಟಿಲ್ಲ. ಆಯ್ತು, ಬರ್ತೇನಿ.”

ಒಲೆಯ ಪಕ್ಕ ಕೂತಿದ್ದ ವಿದ್ಯಾವತಿ ತಲೆ ಬಗ್ಗಿಸಿ ಹಿಟ್ಟು ನಾದುತ್ತಲೇ ಇದ್ದಳು. ಜಗದೇವ ಹೊರಗೆ ಹೋಗಿ ತನ್ನ ಬಾಯಿಗೆ ತಾನೇ ಬೈದುಕೊಂಡ. ಇರಲಿ, ಇನ್ನೊಂದು ಖೋಲಿ ಹಿಡಿದರಾಯಿತು; ಅಲ್ಲಿ ಗೋಡೆಗಳಾದರೂ ಇರುತ್ತವೆ.

ಅಷ್ಟಕ್ಕೇ ನಿಂತಿದ್ದರೆ ಅವನು ಸುಮ್ಮನಿರುತ್ತಿದ್ದನೇನೋ. ಮರುದಿನ ಕಸ್ತೂರಿಬಾಯಿ ಅಫಜಲಪುರದ ತಮ್ಮ ಚಂದ್ರಾಮಪ್ಪನಿಗೆ ಫೋನು ಹಚ್ಚಿದಳು. ಸುದ್ದಿ ಹೇಳಿದಳು. ಹೇಳಿದ ಮೇಲೆ ಅನ್ನಲೇಬೇಕಲ್ಲ, “ನೀವೂ ಬರ್ರಿ,” ಎಂದಳು.

ಫೋನಿನೊಳಗಿಂದ ಚಂದ್ರಾಮಪ್ಪನ ದನಿ ಪಡಸಾಲೆಯ ತನಕ ಕೇಳಿತು. “ಅಕ್ಕಾ, ನೀ ಇಷ್ಟ್ ಬಾಯಿ ಬಿಟ್ಟ್ ಕರದ್ ಮ್ಯಾಲ ಇಲ್ಲ ಅಂದ್ರ ಚಂದಿರತದೇನು? ಇವಳ ಮೊಣಕಾಲ ನೋವಿಗೂ ಉಪ್ಪುನೀರು ಚಲೋ ಅಂತ. ಇಬ್ರೂ ಬರ್ತೇವಿ.”

“ಯವ್ವಾ, ಯಾರ್ ಹೇಳಿದ್ರು ನಿನಗ ಕರಿ ಅಂತ!” ತಾಯಿ ಫೋನು ಇಟ್ಟೊಡನೆ ಜಗದೇವ ಸಿಡುಕಿದ.

“ಸುಮ್ನ ಒಂದ್ ಮಾತ್ ಅಂದೆಪ್ಪ. ಬರ್ತಾರಂತ ಯಾರಿಗ್ ಗೊತ್ತು?”

“ಬ್ಯಾಡ ಅನ್ನು ಈಗ.”

“ಕರದು ಬ್ಯಾಡ ಅನ್ಲೇನು? ನಾಳಿಗಿ ನಾ ಸತ್ರ ಹೆಗಲ್ ಕೊಡಾಕ ಬರೂದು ಯಾರು, ನಿನ್ನ ಟೈರೇನು?”

ಹೊರಡುವ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಕಾರು ಬಾಗಿಲಿಗೆ ಬಂತು. ಚಂದ್ರಾಮಪ್ಪ ಯಾರೂ ಹೇಳದೆಯೇ ತೌಸೀಫನ ಪಕ್ಕ ಮುಂದೆ ಕೂತ. ಹಿಂದೆ ಅವನ ಹೆಂಡತಿ ಒಂದು ಕಾಲನ್ನು ಸೀಟಿನ ಉದ್ದಕ್ಕೆ ಚಾಚಿದಳು. ಆ ಮೊಣಕಾಲು ಮಡಚುವಂತಿರಲಿಲ್ಲ. ಉಳಿದ ಜಾಗದಲ್ಲಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಸ್ತೂರಿಬಾಯಿ, ಅವಳಿಗೆ ಒತ್ತಿಕೊಂಡು ವಿದ್ಯಾವತಿ. ಜಗದೇವ ಹೊಸ ಅಂಗಿ ತೊಟ್ಟು ಬೀದಿಯಲ್ಲಿ ನಿಂತಿದ್ದ.

ಚಂದ್ರಾಮಪ್ಪ ತಿರುಗಿ ನೋಡಿದ. “ಹತ್ತು ತಾಸಿನ ದಾರಿ. ಹಿಂದ ನಾಕ್ ಮಂದಿ ಹಿಡಸಂಗಿಲ್ಲಲೇ ಜಗ್ಯಾ. ನೀ ಗಟ್ಟಿ ಹುಡುಗ. ಸೊಲ್ಲಾಪುರ ಬಸ್ ಹತ್ತು, ಅಲ್ಲಿಂದ ಇನ್ನೊಂದ್ ಸಿಗತದ.”

ಜಗದೇವನ ನೆತ್ತಿಗೆ ರಕ್ತ ಏರಿತು. ಗಾಡಿ ಕೇಳಿದವನು ಅವನು, ಖೋಲಿ ಹಿಡಿದವನು ಅವನು. ಕಾರಿನ ಬಾಗಿಲನ್ನು ಧಡಾರನೆ ಹಾಕಿದ.

“ನಾ ಬರಂಗೇ ಇಲ್ಲ. ಹೋಗ್ರಿ ನೀವ!”

ಹೀಗೆ ಅಂದವನನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಅದೂ ಈ ಕಡೆಯ ನಡವಳಿಕೆಯೇ. ಯಾರಾದರೂ ಇಳಿದು ರಟ್ಟೆ ಹಿಡಿದು ಎಳೆಯಬೇಕು, ‘ಸಿಟ್ಟ್ ಬ್ಯಾಡಪ್ಪ, ಬಾ’ ಅನ್ನಬೇಕು, ಇವನು ಕೊಸರಬೇಕು, ಕಡೆಗೆ ಗೊಣಗುತ್ತ ಎಲ್ಲಿಯೋ ತುರುಕಿಕೊಂಡು ಕೂರಬೇಕು. ಜಗದೇವ ಬೆನ್ನು ತಿರುಗಿಸಿ, ಎದುರು ಗೋಡೆಯನ್ನು ನೋಡುತ್ತ, ಆ ಕೈಗಾಗಿ ಕಾದ.

“ಆಯ್ತ್ ಬಿಡಪ್ಪ, ಅಂಗಡಿ ಕೆಲಸನೂ ಇರತದ ನಿನಗ,” ಎಂದ ಚಂದ್ರಾಮಪ್ಪ. “ನಡಿ ತೌಸೀಫ.”

ಕಾರು ಹೊರಟೇಬಿಟ್ಟಿತು.

ಆ ದಿನ ಅವನು ಯಾರ ಫೋನನ್ನೂ ಎತ್ತಲಿಲ್ಲ. ಉಸ್ಮಾನಸಾಬರು ಚಹಾ ತರಿಸಿದರೆ ಅದನ್ನೂ ಕುಡಿಯಲಿಲ್ಲ. ಮರುದಿನ ಹೊತ್ತು ಇಳಿಯುವಾಗ, ಗ್ರೀಸು ಹತ್ತಿದ ಕೈಯಲ್ಲಿ ಲಾರಿಯ ಚಕ್ರದೆದುರು ಕುಕ್ಕುರುಗಾಲಲ್ಲಿ ಕೂತಿದ್ದಾಗ ಮತ್ತೆ ಫೋನು ಬಡಿದುಕೊಂಡಿತು. ಬೈದೇಬಿಡೋಣ ಎಂದು ಎತ್ತಿದ.

“ನಾನ್ರಿ,” ಎಂದಳು ವಿದ್ಯಾವತಿ. ಹಿಂದೆ ಭೋರೆನ್ನುವ ಸದ್ದಿತ್ತು. “ಒಬ್ಬಾಕಿನೇ ನೀರಿನ ದಂಡಿಗುಂಟ ದೂರ ಬಂದೇನಿ. ನಿಮ್ಮವ್ವ ಸೀರಿ ಮೊಣಕಾಲಿನ ತನಕ ಎತ್ತಿ ತೆರಿ ಬಂದ್ರ ಓಡ್ತಾರ, ಹೋದ್ರ ಅದನ್ನ ಬೆನ್ನ್ ಹತ್ತತಾರ. ಮಾಮಾರು ಎಳನೀರಿನವನ ಜೋಡಿ ಜಗಳ ತಗದಾರ. ಅವ ಮರಾಠಿ, ಇವರು ಕನ್ನಡ. ಇಬ್ಬರಿಗೂ ಏನೂ ತಿಳಿವಲ್ದು, ಆದ್ರೂ ಇಬ್ರೂ ಬಿಡವಲ್ರು…”

ಮಾತು ಮುಗಿಯಲಿಲ್ಲ. ಆಕೆ ನಕ್ಕಳು. ಜೇವರ್ಗಿಯ ಅಂಗಳದಲ್ಲಿ ಕೇಳಿದ ಅದೇ ನಗು. ಜಗದೇವ ಸಿದ್ಧ ಮಾಡಿಟ್ಟುಕೊಂಡಿದ್ದ ಬೈಗುಳ ಬಾಯಿಯಲ್ಲೇ ಉಳಿಯಿತು.

“ನಗು ನಗು. ನಾ ಇಲ್ಲಿ ಟೈರ್ ಬಿಚ್ಚಾಕತ್ತೇನಿ,” ಎಂದ.

ನಗು ನಿಂತಿತು. ಆದರೆ ಮಾತು ನಿಲ್ಲಲಿಲ್ಲ. “ಅದಕ್ಕೂ ನೀವೇ ಕಾರಣ ನೋಡ್ರಿ. ಮಾಮಾ ಬಂದು ರಮಿಸಲಿ ಅಂತ ಗ್ವಾಡಿ ನೋಡಕೋತ ನಿಂತ್ರಿ. ನಾ ಗಾಡಿ ಒಳಗಿಂದ ನಿಮ್ಮನ್ನ ನೋಡಾಕತ್ತಿದ್ದೆ. ಒಂದ್ ಸಲ, ಒಂದೇ ಸಲ ನನ್ ಕಡಿ ಹೊಳ್ಳಿ ನೋಡಿದ್ರ ನಾ ಬಾಗಿಲ ತಗದು ಇಳೀತಿದ್ದೆ. ಅವರೆಲ್ಲ ಹೋಗಿದ್ರ ಮನಿ ಖಾಲಿನೇ ಇರತಿತ್ತಲ್ರಿ!”

ಜಗದೇವನಿಗೆ ಇದು ಹೊಳೆದೇ ಇರಲಿಲ್ಲ. ನಟ್ಟು ಬಿಚ್ಚುವ ಪಾನಾ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು; ಬೈಯಲೂ ಮರೆತ. ಎರಡು ಖೋಲಿ, ಪರದೆಯ ಆಚೆ ಯಾರೂ ಇಲ್ಲ, ನಿನ್ನೆಯಿಂದ. ಅಲ್ಲಿ ಒಬ್ಬನೇ ಬಿದ್ದುಕೊಂಡು ಸೂರು ನೋಡಿದ್ದ.

ದೂರದಲ್ಲಿ ಕಸ್ತೂರಿಬಾಯಿ ಕೂಗುವುದು ಕೇಳಿಸಿತು.

“ನಿಮ್ಮವ್ವ ಕರ್ಯಾಕತ್ತಾರ. ಕರೀಲಿ,” ಎಂದಳು ವಿದ್ಯಾವತಿ. “ಫೋನ್ ಇಡಬ್ಯಾಡ್ರಿ. ನಿಮಗ ಬೈಯೂದು ಇನ್ನಾ ಭಾಳ ಅದ.”

ಲಾರಿಯವನು ತಡವಾಯಿತೆಂದು ಹಾರ್ನ್ ಒತ್ತತೊಡಗಿದ. ಜಗದೇವ ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು ಅವನತ್ತ ತಿರುಗಿ, “ಬಂದ್ ಮಾಡಲೇ ನಿನ್ ಹಾರ್ನ್!” ಎಂದು ರಸ್ತೆಗೆಲ್ಲ ಕೇಳುವಂತೆ ಚೀರಿದ. ಆಮೇಲೆ ಫೋನಿಗೆ, ತಗ್ಗಿದ ದನಿಯಲ್ಲಿ, “ಅವಂಗ ಅಂದೆ, ನಿನಗಲ್ಲ. ಬೈ ನೀನು,” ಎಂದ.