ಫೋರ್‌ಮನ್ನನ ಸ್ವಂತ ಬಣ್ಣ

ಬಾಯ್ಲರ್ ಫೋರ್‌ಮನ್ ಗಿರಣಿಯ ಕ್ವಾರ್ಟರ್ಸಿನಲ್ಲಿ ಇಪ್ಪತ್ತೇಳು ವರ್ಷ ಇದ್ದ. ಇಪ್ಪತ್ತೇಳು ವರ್ಷವೂ ಆ ಮನೆಯ ಬಣ್ಣವನ್ನು ಬೈದ. ಹೊರಗೋಡೆ ಬೂದಿ, ಒಳಗೋಡೆ ಹಳೇ ಲಕೋಟೆ, ಬಾಗಿಲು ಮತ್ತೆ ಬೂದಿ. ಅಂಥವೇ ನೂರನಲವತ್ತು ಮನೆ ಸಾಲಾಗಿ ನಿಂತಿದ್ದವು. ಕುಡಿದು ಬಂದವನ ಮಾತು ಹಾಗಿರಲಿ, ಕುಡಿಯದೆ ಬಂದವನೂ ನಂಬರು ನೋಡಿಕೊಂಡೇ ತನ್ನ ಮನೆಗೆ ನುಗ್ಗಬೇಕಾಗಿತ್ತು. ಗೋಡೆಗೆ ಒಂದು ಮೊಳೆ ಹೊಡೆಯಲು ಎಸ್ಟೇಟ್ ಆಫೀಸಿಗೆ ಅರ್ಜಿ ಕೊಡಬೇಕು. ಮೊಳೆ ಎಷ್ಟುದ್ದ, ಅದಕ್ಕೆ ಏನು ತಗುಲಿಹಾಕುತ್ತೀರಿ, ಮನೆ ಬಿಡುವಾಗ ತೂತು ಮುಚ್ಚಿಕೊಡುತ್ತೀರೋ ಇಲ್ಲವೋ, ಎಲ್ಲ ಬರೆದು ಸಹಿ ಹಾಕಬೇಕು.

"ಇದೇನ್ ಮನೇನಾ? ಜೈಲು ಕಣ್ರೋ, ಜೈಲು!" ಎಂದು ಪಾಳಿ ಮುಗಿದ ಮೇಲೆ ಬಾಯ್ಲರ್ ಮನೆಯ ಮುಂದೆ ನಿಂತು ಗುಡುಗುತ್ತಿದ್ದ. "ನಾನೊಂದ್ ಮನೆ ಕಟ್ತೀನಿ, ನೋಡ್ತಾ ಇರಿ. ನನ್ನ ಬಣ್ಣ ಹೊಡೀತೀನಿ. ದಾರೀಲಿ ಹೋಗೋನು ನಿಂತು ನೋಡ್ಬೇಕು, ಹಂಗೆ!"

"ಯಾವ ಬಣ್ಣ ಅಣ್ಣಾ?" ಎಂದು ಯಾರಾದರೂ ಕೇಳಿದರೆ, "ಕಟ್ಟಿದಾಗ ನೋಡೋವಂತೆ" ಎಂದು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಕೇಳಿದವರು ಇವನ ತಲೆಯಲ್ಲಿ ಏನೋ ದೊಡ್ಡ ಗುಟ್ಟಿದೆ ಎಂದುಕೊಳ್ಳುತ್ತಿದ್ದರು. ಇವನೂ ಹಾಗೆಯೇ ಅಂದುಕೊಂಡಿದ್ದ.

ಕೊನೆಗೂ ನಿವೃತ್ತಿಯಾಯಿತು. ಎರಡು ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ ಎದ್ದವು. ಗೋಡೆಗಳಿಗೆ ಇನ್ನೂ ಸಿಮೆಂಟಿನ ಮೈ ಇರುವಾಗಲೇ ಗಂಡಹೆಂಡತಿ ಬಂದು ಸೇರಿಕೊಂಡರು. ಬಾಯ್ಲರ್ ಮನೆಯ ನಾಲ್ವರು ಮೂರನೆಯ ಭಾನುವಾರ ಸಂಜೆ ಬರುತ್ತೇವೆಂದು ಹೇಳಿ ಕಳಿಸಿದರು. ಮನೆ ನೋಡಲಿಕ್ಕಲ್ಲ, ಬಣ್ಣ ನೋಡಲಿಕ್ಕೆ. ಅದನ್ನು ಬಾಯಿಬಿಟ್ಟೇ ಹೇಳಿದ್ದರು.

ಬಂದ ದಿನವೇ ಹೆಂಡತಿ ಗಡಿಯಾರವನ್ನು ಅವನ ಕೈಗೆ ಕೊಟ್ಟು, "ಇದನ್ನೊಂದ್ ತಗುಲಿಹಾಕ್ರೀ" ಎಂದಿದ್ದಳು. ಫೋರ್‌ಮನ್ ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ಗೋಡೆಯ ಮುಂದೆ ನಿಂತ. ನಿಂತೇ ಇದ್ದ. ಎಲ್ಲಿ ಹೊಡೆಯಬೇಕೆಂದು ಗೋಡೆಯ ಮೇಲೆ ಬರೆದಿರಲಿಲ್ಲ. ಬೇಡವೆನ್ನುವವರೂ ಯಾರೂ ಇರಲಿಲ್ಲ. ನಾಳೆ ನೋಡೋಣವೆಂದು ಗಡಿಯಾರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಹನ್ನೆರಡು ದಿನವಾದರೂ ಅದು ಅಲ್ಲೇ ಕೂತು ಟಿಕ್ ಟಿಕ್ ಎನ್ನುತ್ತಿತ್ತು.

"ಯಾರ್ ಸಹಿಗೆ ಕಾಯ್ತಿದ್ದೀರಿ?" ಎಂದು ಹದಿಮೂರನೆಯ ದಿನ ಹೆಂಡತಿ ಕೇಳಿದಳು. ಸುತ್ತಿಗೆ ಎತ್ತಿಕೊಂಡು ಅವಳೇ ಮೂರು ಏಟಿನಲ್ಲಿ ಮೊಳೆ ಇಳಿಸಿದಳು.

ಆ ವಾರವೇ ಅವನು ಬಣ್ಣದ ಅಂಗಡಿಗೆ ಹೋದ. ಅಂಗಡಿಯವನು ಎಳೆಯ ವಯಸ್ಸಿನವನು, ಮಾತು ಜೇನುತುಪ್ಪ. ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಮುಂದಿಟ್ಟು ಬೀಸಣಿಗೆಯ ಹಾಗೆ ಬಿಚ್ಚಿದ.

"ಸಾವಿರದ ಎಂಟುನೂರು ಬಣ್ಣ ಇದೆ ಸಾರ್. ಮೊದ್ಲು ನಿಮ್ಮ ವ್ಯಕ್ತಿತ್ವ ಎಂಥದ್ದು, ಅದನ್ನ ಹೇಳಿ."

"ಬಾಯ್ಲರ್" ಎಂದ ಫೋರ್‌ಮನ್.

ಅಂಗಡಿಯವನು ನಗುತ್ತಾ ಹಾಳೆ ತಿರುವತೊಡಗಿದ. ಬಣ್ಣಕ್ಕೆ ಬಣ್ಣದ ಹೆಸರೇ ಇರಲಿಲ್ಲ. ಒಂದು 'ಮುಂಜಾವಿನ ಮೌನ', ಒಂದು 'ನೆನಪಿನ ಬೆಣ್ಣೆ', ಇನ್ನೊಂದು 'ಸಾಗರದ ಸಂಕೋಚ'. ಬರೀ ಬಿಳಿಯೇ ತೊಂಬತ್ತು ನಮೂನೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸವೆಂದು ಕೇಳಿದರೆ, "ಅದು ಮನಸ್ಸಿಗೆ ಗೊತ್ತಾಗುತ್ತೆ ಸಾರ್" ಎಂದ. ಫೋರ್‌ಮನ್ ತನ್ನ ಮನಸ್ಸನ್ನು ಕೇಳಿನೋಡಿದ. ಅದು ಪಾಳಿ ಮುಗಿಸಿ ಮನೆಗೆ ಹೋದವನ ಹಾಗೆ ಓಗೊಡಲಿಲ್ಲ.

"ಎಲ್ರೂ ಯಾವುದು ತಗೊಂಡ್ ಹೋಗ್ತಾರೆ?"

"ಎಲ್ರದ್ದೂ ಯಾಕೆ ಸಾರ್? ನಿಮ್ಮಿಷ್ಟ ಹೇಳಿ."

"ಅಲ್ಲಪ್ಪಾ, ಸಾಮಾನ್ಯವಾಗಿ ಯಾವುದು ಹಾಕ್ತಾರೆ ಅಂತ…"

"ನಿಮ್ಮಿಷ್ಟ ಸಾರ್!"

"ನನ್ನಿಷ್ಟ ಅಂತ ನನಗೂ ಗೊತ್ತು ಕಣಯ್ಯಾ! ಅದು ಯಾವುದು ಅಂತ ಹೇಳು!" ಎಂದು ಅಬ್ಬರಿಸಿದ. ಪಕ್ಕದಲ್ಲಿ ನಲ್ಲಿ ಕೊಳ್ಳಲು ಬಂದಿದ್ದ ಹೆಂಗಸು ನಲ್ಲಿ ಬಿಟ್ಟು ಹೊರಟುಹೋದಳು.

ಇಪ್ಪತ್ತೇಳು ವರ್ಷದಲ್ಲಿ 'ಬೇಡ, ಬೇಡ' ಎಂದು ಕೂಗುವುದನ್ನು ಇವನಷ್ಟು ಚೆನ್ನಾಗಿ ಕಲಿತವನು ಗಿರಣಿಯಲ್ಲೇ ಇರಲಿಲ್ಲ. ಬೇಕು ಎನ್ನುವ ಕಡೆ ಮಾತ್ರ ತುಕ್ಕು ಹಿಡಿದುಹೋಗಿತ್ತು. ಹಾಗೆಂದು ಒಪ್ಪಿಕೊಳ್ಳುವ ಜಾತಿಯವನಲ್ಲ. ಹನ್ನೊಂದು ಸಣ್ಣ ಡಬ್ಬ ಮಾದರಿ ಬಣ್ಣ ಹೊತ್ತು ಮನೆಗೆ ಬಂದ. ಪೇಂಟರ್ ಮುಂಗೋಡೆಯ ಮೇಲೆ ಹನ್ನೊಂದು ಪಟ್ಟೆ ಬಳಿದ. ಫೋರ್‌ಮನ್ ಎದುರುಗಡೆ ಕುರ್ಚಿ ಹಾಕಿ ಕೂತ. ಬೆಳಿಗ್ಗೆ ಒಂದು ಚೆನ್ನಾಗಿ ಕಂಡರೆ ಮಧ್ಯಾಹ್ನ ಇನ್ನೊಂದು. ಹಸಿರು ನೋಡಿದರೆ ಆಸ್ಪತ್ರೆ, ಹಳದಿ ನೋಡಿದರೆ ಕಾಮಾಲೆ, ಗುಲಾಬಿ ನೋಡಿದರೆ ಡಬಲ್ ಶಿಫ್ಟ್ ಏನನ್ನುತ್ತಾನೋ ಎಂಬ ಭಯ. ಡಬಲ್ ಶಿಫ್ಟ್ ಎಂದರೆ ಭಾನುವಾರ ಬರಲಿದ್ದ ನಾಲ್ವರಲ್ಲಿ ಒಬ್ಬ. ಎರಡು ಪಾಳಿ ಬಿಟ್ಟೂಬಿಡದೆ ಮಾಡಿ ಮಾಡಿ ಆ ಹೆಸರು ಬಿದ್ದಿತ್ತು. ಅವನ ನಾಲಿಗೆಗೆ ಸಿಕ್ಕವರು ಉಳಿದದ್ದಿಲ್ಲ.

ಪೇಂಟರ್ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕೂತು ಮೂರು ದಿನ ಚಹಾ ಕುಡಿದ. ಶುಕ್ರವಾರ ಎದ್ದು ಲೋಟ ತೊಳೆದಿಟ್ಟ.

"ಯಜಮಾನ್ರೇ, ಗೋಡೆಗೆ ತೊನ್ನು ಹತ್ತಿದ ಹಾಗಾಯ್ತು. ಸೋಮವಾರ ನಾನು ಸ್ಕೂಲ್ ಕಾಂಪೌಂಡ್ ಕೆಲಸಕ್ಕೆ ಹೋಗ್ಬೇಕು. ನಾಳೆ ಬೆಳಿಗ್ಗೆ ಡಬ್ಬ ಇಲ್ಲಿದ್ರೆ ಹೊಡೀತೀನಿ, ಇಲ್ದಿದ್ರೆ ಇದೇ ಡಿಸೈನು ಅಂತ ನೆಂಟರಿಗೆ ಹೇಳ್ಬಿಡಿ."

ಹೆಂಡತಿ ಒಳಗಿನಿಂದ, "ನನ್ನನ್ನೂ ಒಂದ್ ಮಾತು ಕೇಳಿದ್ರೆ ಗಂಟೇನು ಹೋಗ್ತಿತ್ತು?" ಎಂದಳು. ಫೋರ್‌ಮನ್ನಿಗೆ ಕೇಳಿಸಿತು. ಕೇಳಿಸದವನ ಹಾಗೆ ಚಪ್ಪಲಿ ಮೆಟ್ಟಿ ಹೊರಟ.

ಅಂಗಡಿಯಲ್ಲಿ ಈ ಸಲ ಪುಸ್ತಕ ತೆರೆಯುತ್ತಿದ್ದಂತೆಯೇ ಒಂದು ಹಾಳೆಯ ಹತ್ತಿರ ಅವನ ಎದೆ ತಣ್ಣಗಾಯಿತು. ಯಾಕೆಂದು ಗೊತ್ತಾಗಲಿಲ್ಲ. ಆ ಬಣ್ಣ ನೋಡಿದರೆ ಸುಸ್ತು ಇಳಿಯುತ್ತಿತ್ತು, ಬಹಳ ದಿನದ ಪರಿಚಯದವರು ಸಿಕ್ಕ ಹಾಗೆ. 'ಮುತ್ತಿನ ಮಂಜು' ಎಂದು ಹೆಸರು. "ಇದೇ!" ಎಂದು ಬೆರಳು ಒತ್ತಿದ. "ಮನಸ್ಸು ಮಾತಾಡ್ತು ನೋಡಿ ಸಾರ್" ಎಂದ ಅಂಗಡಿಯವನು.

ಶನಿವಾರ ಬೆಳಿಗ್ಗೆ ಪೇಂಟರ್ ಮುಂಗೋಡೆ ಮುಗಿಸಿದ. ಹಸಿಯಿರುವಾಗ ಅದು ತುಸು ನೀಲಿಯಾಗಿ ಮಿರುಗುತ್ತಿತ್ತು. ಬಿಸಿಲೇರಿದಂತೆ ಮಿರುಗು ಇಳಿಯಿತು. ಮಧ್ಯಾಹ್ನ ಎರಡಕ್ಕೆ ಗೋಡೆ ಪೂರ್ತಿ ಒಣಗಿತು. ಊಟ ಮುಗಿಸಿ ಹೊರಗೆ ಬಂದ ಫೋರ್‌ಮನ್ ಬಾಗಿಲಿನ ಮೇಲೆ ನಂಬರು ಹುಡುಕಿದ.

ಕ್ವಾರ್ಟರ್ಸು. ಅದೇ ಬೂದಿ, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ.

ಹೆಂಡತಿ ಹಿಂದೆಯೇ ಬಂದು ನೋಡಿದಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದೂ ಸಾಲದೆ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಪೇಂಟರಿಗೆ ಏನೂ ಅರ್ಥವಾಗದೆ ಅವನೂ ನಕ್ಕ.

"ನಗಬೇಡ! ಅಷ್ಟ್ ಗೊತ್ತಿದ್ರೆ ನೀನೇ ಹೇಳ್ಬೇಕಿತ್ತು!" ಎಂದು ಫೋರ್‌ಮನ್ ಕೂಗಿದ.

"ಇಟ್ಟಿಗೆ ಕೆಂಪು. ಬಾಗಿಲು ಕಿಟಕಿಗೆ ಕಡುನೀಲಿ." ಅವಳು ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು. ಹೇಳಲು ಒಂದು ಉಸಿರೂ ಬೇಕಾಗಲಿಲ್ಲ.

"ಸಾವಿರದ ಎಂಟುನೂರು ಇದೆ ಕಣೇ! ನೋಡ್ದೇನೇ ಹೇಳ್ತೀಯಲ್ಲ, ಬಣ್ಣದ ವಿಷ್ಯ ನಿನಗೇನ್ ಗೊತ್ತು?"

ಅವಳ ನಗು ನಿಂತಿತು. ಎದ್ದು ಅವನ ಮುಂಗೈ ಹಿಡಿದು ಕೋಣೆಗೆ ಎಳೆದುಕೊಂಡು ಹೋದಳು. ಕ್ವಾರ್ಟರ್ಸಿನಿಂದ ತಂದಿದ್ದ ಅವಳ ಮರದ ಬೀರು ಮೂಲೆಯಲ್ಲಿತ್ತು. ಅದನ್ನು ಅವನು ಯಾವತ್ತೂ ತೆರೆದವನಲ್ಲ. ಬಟ್ಟೆ ದಿನಾ ಮಂಚದ ಮೇಲೆ ಮಡಚಿ ಸಿದ್ಧವಾಗಿರುತ್ತಿದ್ದವು, ಬೀರು ತೆರೆಯುವ ಪ್ರಮೇಯ ಏನು? ಅವಳು ಎರಡೂ ಬಾಗಿಲು ತೆರೆದಳು.

ಒಳಗೆ ಇಟ್ಟಿಗೆ ಕೆಂಪು ಉರಿಯುತ್ತಿತ್ತು. ಅರೆಗಳ ಅಂಚು ಕಡುನೀಲಿ. ಒಂದು ಕಡೆ ಬಣ್ಣ ಚಕ್ಕೆ ಎದ್ದಿದ್ದಲ್ಲಿ ಅಡಿಯಿಂದ ಹಳದಿ, ಅದರಡಿ ಹಸಿರು, ಅದರಡಿ ನೇರಳೆ, ಇನ್ನೂ ಕೆಳಗೆ ಏನೇನೋ ಇಣುಕುತ್ತಿದ್ದವು.

"ವರ್ಷಕ್ಕೊಂದು" ಎಂದಳು. "ಲಾರಿ ಶೆಡ್ ಪೇಂಟರ್ ಹೆಂಡ್ತಿ ಡಬ್ಬದ ತಳದಲ್ಲಿ ಉಳಿದಿದ್ದು ಕೊಡ್ತಿದ್ಲು. ಯಾವುದು ಒಣಗಿದ್ರೆ ಏನಾಗುತ್ತೆ ಅಂತ ಎಲ್ಲಾ ನೋಡಿದೀನಿ ನಾನು. ಈ ಎರಡು ಹಾಕಿ ಆರು ವರ್ಷ ಆಯ್ತು. ಬದಲಾಯಿಸ್ಬೇಕು ಅನ್ನಿಸ್ಲೇ ಇಲ್ಲ."

ಫೋರ್‌ಮನ್ನಿಗೆ ಮೊದಲು ಬಂದದ್ದು ಸಿಟ್ಟು. "ಪರ್ಮಿಶನ್ ಇಲ್ದೆ? ಕ್ವಾರ್ಟರ್ಸಿನೊಳಗೆ? ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ತೆಗೆದು ನೋಡಿದ್ರೆ ನನ್ನ ಗತಿ ಏನಾಗ್ತಿತ್ತು?"

"ಪ್ರತಿ ವರ್ಷ ತೆಗೆದು ನೋಡೋರು. 'ಈ ಸಲದ ಹಳದಿ ಚೆನ್ನಾಗ್ ಬಂದಿದೆಯಮ್ಮಾ' ಅಂತ ಹೇಳಿ ಹೋಗೋರು. ನೋಡ್ದೇ ಇದ್ದೋರು ನೀವೊಬ್ರೇ."

ಅವನು ಬೀರುವಿನ ಮುಂದೆ ಮಂಚದ ಮೇಲೆ ಕೂತ. ಜೈಲು ಜೈಲು ಎಂದು ಊರೆಲ್ಲ ಕೇಳುವಂತೆ ಅರಚಿದವನು ಇವನು. ಅದೇ ಜೈಲಿನಲ್ಲಿ ಇವನ ಮಂಚದಿಂದ ಎರಡು ಮಾರು ದೂರದಲ್ಲಿ ಒಬ್ಬಳು ತನ್ನ ಪಾಡಿಗೆ ತಾನು ಬಣ್ಣ ಬಳಿದುಕೊಂಡು ಆರಾಮಾಗಿದ್ದಳು. ಎಸ್ಟೇಟ್ ಆಫೀಸಿಗೆ ನಿಜವಾಗಿ ಹೆದರಿದ್ದವನು ನೂರನಲವತ್ತು ಮನೆಯಲ್ಲಿ ಬಹುಶಃ ಇವನೊಬ್ಬನೇ.

ಹೆಂಡತಿ ಪೇಂಟರನ್ನು ಕರೆದುಕೊಂಡು ತಾನೇ ಅಂಗಡಿಗೆ ಹೋದಳು. ಪುಸ್ತಕ ಬಿಚ್ಚಲು ಬಂದವನಿಗೆ, "ಅದನ್ನ ಮುಚ್ಚಿಡಪ್ಪಾ. ಡಬ್ಬ ತೆಗಿ, ಒಂದು ಚೂರು ಬಳಿದು ಒಣಗಿಸಿ ತೋರ್ಸು" ಎಂದಳಂತೆ. ಶನಿವಾರ ಸಂಜೆ ಒಂದು ಕೈ, ಭಾನುವಾರ ಬೆಳಿಗ್ಗೆ ಇನ್ನೊಂದು ಕೈ ಬಿತ್ತು. ಬಾಗಿಲನ್ನು ಅವಳೇ ಬಳಿದಳು.

ನಾಲ್ವರು ಬಂದು ಬೀದಿಯಲ್ಲೇ ನಿಂತುಬಿಟ್ಟರು. ಬಿಸಿಲು ಓರೆಯಾಗಿ ಬಿದ್ದು ಗೋಡೆ ಕೆಂಡದ ಹಾಗೆ ಕಾಣುತ್ತಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲು ಊರಿ ನೋಡಿದ.

"ಭಲೇ ಅಣ್ಣಾ! ಹೇಳಿದ್ ಹಂಗೇ ಮಾಡ್ಬಿಟ್ಟೆ" ಎಂದ ಡಬಲ್ ಶಿಫ್ಟ್. "ಇದೇ ಏನು, ನೀನು ತಲೇಲಿ ಮುಚ್ಚಿಟ್ಕೊಂಡಿದ್ದ ಬಣ್ಣ?"

ಹೂಂ ಎಂದರೆ ಮುಗಿಯುತ್ತಿತ್ತು. ಫೋರ್‌ಮನ್ನನ ಎದೆ ಆಗಲೇ ಉಬ್ಬಿತ್ತು, ಕೈ ಮೀಸೆಯ ತನಕ ಹೋಗಿತ್ತು. ಹೆಂಡತಿ ಚಹಾ ತಟ್ಟೆ ಹಿಡಿದು ನೀಲಿ ಬಾಗಿಲಲ್ಲಿ ನಿಂತಿದ್ದಳು. ಅವಳು ಏನೂ ಹೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಇಪ್ಪತ್ತೇಳು ವರ್ಷ ಹೇಳದವಳು ಇವತ್ತು ಹೇಳುತ್ತಾಳೆಯೇ?

ಅವನು ಕೈ ಇಳಿಸಿದ.

"ನಂದಲ್ಲ. ಅವಳದು."

"ಹಂಗಾದ್ರೆ ನಿಂದು?"

"ನಂದು ಇದರ ಅಡೀಲಿದೆ. ಕ್ವಾರ್ಟರ್ಸ್ ಬೂದಿ. ಸಾವಿರದ ಎಂಟುನೂರರಲ್ಲಿ ಹುಡುಕಿ ಹುಡುಕಿ ಅದನ್ನೇ ತಂದಿದ್ದೆ."

ನಾಲ್ವರೂ ಗೊಳ್ಳೆಂದು ನಕ್ಕರು. ಒಬ್ಬ ಗೋಡೆಗೆ ಒರಗಲು ಹೋಗಿ ಹಸಿಬಣ್ಣ ನೆನಪಾಗಿ ಇನ್ನೊಬ್ಬನ ಮೇಲೆ ಬಿದ್ದ. ಮೊದಲು ನಗು ನಿಲ್ಲಿಸಿದವನು ಡಬಲ್ ಶಿಫ್ಟ್. ಅವನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವನೂ ಒಂದು ಸೈಟು ಮಾಡಿಟ್ಟಿದ್ದ.

"ಅತ್ತಿಗೇ, ಬಣ್ಣ ಆರಿಸೋದು ಕಷ್ಟಾನಾ?" ಎಂದು ಮೆಲ್ಲಗೆ ಕೇಳಿದ.

"ಮನೇಲಿ ನಿಮ್ಮಾಕೆ ಬೀರು ಇದ್ರೆ ಮೊದ್ಲು ತೆಗೆದು ನೋಡಿ" ಎಂದಳು ಅವಳು.

ಎಲ್ಲರೂ ನಡುಮನೆಯಲ್ಲಿ ಕೂತರು. ಅವಳು ಒಬ್ಬೊಬ್ಬರನ್ನೂ ಸಕ್ಕರೆ ಎಷ್ಟು ಎಂದು ಕೇಳುತ್ತಾ ಬಂದಳು. ಒಬ್ಬ ಒಂದು ಚಮಚ ಎಂದ, ಒಬ್ಬ ಎರಡು, ಡಬಲ್ ಶಿಫ್ಟ್ ಮೂರು. ಗಂಡನ ಹತ್ತಿರ ಬಂದಾಗ ಕೇಳದೆ ಎರಡು ಚಮಚ ಹಾಕಲು ಹೊರಟಳು.

"ತಡಿ. ನನ್ನನ್ನೂ ಕೇಳು" ಎಂದ ಫೋರ್‌ಮನ್.

"ಎಷ್ಟು ಹಾಕ್ಲಿ?"

ಅವನು ಯೋಚಿಸಿದ. ಹುಬ್ಬು ಗಂಟಾಯಿತು. ನಾಲ್ವರೂ ಲೋಟ ತುಟಿಗೆ ತಂದವರು ಹಾಗೇ ಕಾದರು.

"ಬೇಡ. ಸಕ್ಕರೆ ಇಲ್ದೆ ಕೊಡು."

ಕೊಟ್ಟಳು. ಒಂದು ಗುಟುಕಿಗೆ ಮುಖ ಒಗೆದ ಬಟ್ಟೆ ಹಿಂಡಿದ ಹಾಗಾಯಿತು. ಹತ್ತು ಕಣ್ಣು ತನ್ನ ಮೇಲೇ ಇವೆಯೆಂದು ಗೊತ್ತಾಗಿ ಬೆನ್ನು ನೆಟ್ಟಗೆ ಮಾಡಿ, ತಳ ಕಾಣುವ ತನಕ ಕುಡಿದು ಮುಗಿಸಿದ.

"ಹೆಂಗಿದೆ?" ಎಂದ ಡಬಲ್ ಶಿಫ್ಟ್.

"ಫಸ್ಟ್ ಕ್ಲಾಸ್."

"ಹಂಗಾದ್ರೆ ಇನ್ನೊಂದ್ ಲೋಟ ಕೊಡ್ಲಾ?" ಎಂದಳು ಹೆಂಡತಿ.

"ಬೇಡ" ಎಂದ, ಒಂದು ಚೂರೂ ಯೋಚಿಸದೆ.