ಸೌಂದರ್ಯಾಳ ಒಪ್ಪತ್ತು

ನಮ್ಮ ಕಮಲಾಪುರದಲ್ಲಿ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದರೆ, ಯಾರ ಕಣ್ಣು ತಾಗಿತು ಎಂದು ಮೊದಲು ಹುಡುಕುತ್ತಾರೆ. ಯಾರು ಹೊಗಳಿದರು, ಯಾರು ಹೊಟ್ಟೆಕಿಚ್ಚು ಪಟ್ಟರು ಎಂದು ಓಣಿಯೆಲ್ಲ ಕೂತು ಮಾತಾಡುತ್ತದೆ. ಹುಡುಗಿ ಬೆಳಿಗ್ಗೆಯಿಂದ ಏನು ಉಂಡಿದ್ದಾಳೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ರೇವಣನ ಮಗಳು ಸೌಂದರ್ಯಾ ಬಿದ್ದಾಗಲೂ ಹಾಗೆಯೇ ಆಯಿತು. ಶ್ರಾವಣದ ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ಅಂಗಳದಲ್ಲೇ ಗೋಡೆ ಹಿಡಿದು ಕುಸಿದಳು. ಅವ್ವ ಕಸ್ತೂರಿ ಓಡಿ ಬಂದು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಯಿ ಮಹಾದೇವಮ್ಮ ಒಳಗಿಂದ ಉಪ್ಪು, ಮೆಣಸಿನಕಾಯಿ ತಂದು ಮೊಮ್ಮಗಳಿಗೆ ನಿವಾಳಿಸಿ ಒಲೆಗೆ ಹಾಕಿದಳು.

"ಊರ ಕಣ್ಣೆಲ್ಲಾ ನನ್ನ ಕೂಸಿನ ಮ್ಯಾಲೇ ಅದ," ಎಂದಳು. "ಪೇಪರಿನಾಗ ಫೋಟೋ ಬ್ಯಾಡ ಅಂದಿದ್ದೆ. ನನ್ನ ಮಾತು ಯಾರು ಕೇಳ್ತಾರ?"

ಪೇಪರಿನಲ್ಲಿ ಫೋಟೋ ಬಂದದ್ದು ನಿಜ. ಸೌಂದರ್ಯಾ ಫುಟ್‌ಬಾಲ್ ಆಡುತ್ತಾಳೆ. ಅಪ್ಪನ ಬಾಳೆ ತೋಟದ ಪಕ್ಕದ ಬಯಲಲ್ಲಿ ಕಲಿತ ಆಟ ಅದು. ಈಗ ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಕಲಬುರಗಿಗೆ ಹೋಗಿ ರಾಜೇಶ್ರೀ ಮೇಡಂ ಹತ್ತಿರ ಅಭ್ಯಾಸ ಮಾಡುತ್ತಾಳೆ. ಹದಿನೇಳು ವರ್ಷದೊಳಗಿನ ಹುಡುಗಿಯರಿಗೆ ಏಷ್ಯಾದ ದೊಡ್ಡ ಪಂದ್ಯಾವಳಿ ಒಂದಿದೆ. ಅದರ ಬಾಗಿಲು ಸುಮ್ಮನೆ ತೆರೆಯುವುದಿಲ್ಲ. ಮೊದಲು ಅರ್ಹತಾ ಸುತ್ತು ಆಡಬೇಕು, ಅಲ್ಲಿ ಗೆದ್ದ ದೇಶ ಮಾತ್ರ ಒಳಗೆ ಹೋಗುತ್ತದೆ. ಆ ಸುತ್ತಿಗೆ ನಮ್ಮ ದೇಶದ ತಂಡ ಆರಿಸಲು ಒಂದು ಶಿಬಿರ. ಶಿಬಿರಕ್ಕೆ ನಮ್ಮ ಭಾಗದಿಂದ ಯಾರು ಹೋಗಬೇಕು ಎಂದು ತೀರ್ಮಾನಿಸಲು ದೀಪಾವಳಿ ಆದ ಮೇಲೆ ಕಲಬುರಗಿಯಲ್ಲಿ ಆಯ್ಕೆ ಪಂದ್ಯ. ಅದಕ್ಕೆ ಕರೆ ಬಂದವರಲ್ಲಿ ಕಮಲಾಪುರದವಳು ಇವಳೊಬ್ಬಳೇ. ಅದಕ್ಕೇ ಪೇಪರಿನವರು ಫೋಟೋ ಹಾಕಿದ್ದರು.

ಆದರೆ ಒಂದು ತೊಡಕಿತ್ತು. ಆಟದ ಮೊದಲರ್ಧದಲ್ಲಿ ಸೌಂದರ್ಯಾಳನ್ನು ಹಿಡಿಯುವವರಿಲ್ಲ. ಎರಡನೆಯ ಅರ್ಧಕ್ಕೆ ಉಸಿರು ಸಾಲದು, ಕಾಲು ಏಳದು. ಮೇಡಂ ಮುಚ್ಚಿಡದೆ ಹೇಳಿಬಿಟ್ಟಿದ್ದರು.

"ನಿನ್ನ ಕಾಲಾಗ ಆಟ ಅದವ್ವಾ. ಆದ್ರ ಪೂರಾ ಮ್ಯಾಚ್ ನಿಲ್ಲಲಿಲ್ಲಂದ್ರ ನಿನ್ನ ಹೆಸರು ನಾ ಹ್ಯಾಂಗ ಕಳಸ್ಲಿ?"

ಈ ಮಾತು ಮನೆಗೆ ಬಂದ ದಿನ ಮಹಾದೇವಮ್ಮನಿಗೆ ಊಟ ಸೇರಲಿಲ್ಲ. ಅವಳಿಗೆ ಆಟ ತಿಳಿಯದು, ಗೋಲು ತಿಳಿಯದು, ಮೊಮ್ಮಗಳ ಆಸೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ದೀಪ ಹಚ್ಚಿ ಕಲಬುರಗಿಯ ಶರಣಬಸವೇಶ್ವರನಿಗೆ ಹರಕೆ ಹೊತ್ತಳು. ಹುಡುಗಿ ಆರಿಸಿ ಬರುವ ತನಕ ಒಪ್ಪತ್ತು ಇರುತ್ತಾಳೆ, ಅಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ. ಹೊತ್ತವಳು ಆಯಿ, ಹಸಿಯುವವಳು ಮೊಮ್ಮಗಳು. ಪಾಪ, ತಾನೂ ಜೊತೆಗೆ ಒಪ್ಪತ್ತು ಹಿಡಿದಳು ಅನ್ನಿ. ಕೂಸನ್ನು ಒಬ್ಬಳನ್ನೇ ಉಪವಾಸ ಕೆಡವುವಷ್ಟು ಕಲ್ಲು ಮನಸ್ಸು ಅವಳದಲ್ಲ.

ಹೀಗಾಗಿ ಸೌಂದರ್ಯಾಳಿಗೆ ಬೆಳಿಗ್ಗೆ ಒಂದು ಕಪ್ ಚಹಾ, ಮಧ್ಯಾಹ್ನ ಒಂದು ಕೆಂಪು ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆ ಎಂದರೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಜನ ಹೆಸರು ಹೇಳಿ ಕೇಳುತ್ತಾರೆ. ಕೆಂಪು ಹಣ್ಣು ತಿಂದರೆ ಮೈಯಲ್ಲಿ ಕೆಂಪು ರಕ್ತ ಎಂಬುದು ಆಯಿಯ ನಂಬಿಕೆ. ಓಣಿಯ ಅರ್ಧ ಜನರದೂ ಅದೇ.

ಹುಡುಗಿ ಬಿದ್ದ ಸದ್ದು ಕೇಳಿ ಪಕ್ಕದ ಮನೆಯ ನೂರಜಹಾನ್ ಬಂದಳು. ಅವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಸೌಂದರ್ಯಾಳ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದಳು. ಒಳಗೆ ಕೆಂಪಗಿರಬೇಕಾದ ಜಾಗ ಬಿಳಿಚಿತ್ತು. ಉಗುರುಗಳೂ ಹಾಗೆಯೇ ಇದ್ದವು.

"ಆಯಿ, ದೃಷ್ಟಿ ತಗದ್ರಿ, ಚಲೋ ಆತು," ಎಂದಳು. "ಈಗ ರಕ್ತಾನೂ ತಪಾಸಣಿ ಮಾಡ್ಸೋಣ್ರಿ."

"ರಕ್ತಕ್ಕೇನಾಗ್ಯಾದ? ದಿನಾ ಕೆಂಪು ಬಾಳಿಹಣ್ಣು ತಿಂತಾಳ."

"ಹಂಗಂದ್ರ ಹಾಲು ಕುಡಿಯೋರ ರಕ್ತ ಬೆಳ್ಳಗಿರಬೇಕಿತ್ತಲ್ಲ, ಆಯಿ?"

ಮಲಗಿದ್ದ ಸೌಂದರ್ಯಾಳಿಗೂ ನಗು ಬಂತು. ಮಹಾದೇವಮ್ಮ ಮಾತ್ರ ನಗಲಿಲ್ಲ.

"ಹಣ್ಣು ಚಲೋನೇ ಅದ, ತಿನ್ಲಿ," ಎಂದಳು ನೂರಜಹಾನ್. "ಆದ್ರ ರಕ್ತ ಏರಬೇಕಂದ್ರ ಪಲ್ಯ, ಬ್ಯಾಳಿ, ಕಾಳು ಬೇಕು. ಸಾಲಿಯಾಗ ವಾರಕ್ಕೊಮ್ಮೆ ಕೊಡೋ ಕಬ್ಬಿಣದ ಗುಳಗಿ ತೊಗೊಳ್ಳಾಕತ್ತೀಯೇನವ್ವಾ?"

ಸೌಂದರ್ಯಾ ತಲೆ ತಗ್ಗಿಸಿದಳು. "ಹಸದ ಹೊಟ್ಟಿಲೆ ತೊಗೊಂಡ್ರ ವಾಂತಿ ಬಂದಂಗ ಆಗ್ತದ, ಆಪಾ. ಬೇಲಿಯಾಗ ಒಗದೀನಿ."

ಅದೇ ದಿನ ಮೂವರೂ ಹೆಂಗಸರನ್ನು ನೂರಜಹಾನ್ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಸೌಂದರ್ಯಾಳ ಹಿಮೋಗ್ಲೋಬಿನ್ ಎಂಟೂವರೆ. ಕನಿಷ್ಠ ಹನ್ನೆರಡು ಇರಬೇಕು. ಮೈಯ ಮೂಲೆ ಮೂಲೆಗೆ ಉಸಿರು ಮುಟ್ಟಿಸುವುದೇ ರಕ್ತದ ಕೆಲಸ, ಅದು ಕಡಿಮೆಯಾದರೆ ಎಷ್ಟು ಅಭ್ಯಾಸ ಮಾಡಿದರೂ ಕಾಲು ಸೋಲುತ್ತದೆ ಎಂದು ಡಾಕ್ಟರರು ವಿವರಿಸಿದರು. ಜಂತುಹುಳಕ್ಕೊಂದು ಮಾತ್ರೆ ಕೊಟ್ಟು, ಉಪವಾಸ ಬಿಟ್ಟು ಮೂರು ಹೊತ್ತು ಉಣ್ಣಲು, ದಿನಾ ಊಟವಾದ ಮೇಲೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲು ಹೇಳಿ, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು.

"ಕಸ್ತೂರಿ, ನೀನೂ ತೋರ್ಸು," ಎಂದಳು ನೂರಜಹಾನ್.

"ನನಗ್ಯಾಕ? ನಾನೇನು ಫುಟ್‌ಬಾಲ್ ಆಡ್ತೀನೇನು?"

"ಮುಂಜಾನಿಂದ ಮಲಗೋ ತನಕ ಮಗಳಿಗಿಂತ ನೀನೇ ಹೆಚ್ಚು ಓಡ್ತೀದಿ. ಕೈ ಕೊಡು."

ಕಸ್ತೂರಿಯದು ಮಗಳಿಗಿಂತಲೂ ಕಡಿಮೆ ಬಂತು. ಅವಳಿಗೂ ಅದೇ ಮಾತ್ರೆ ಕೊಟ್ಟರು. ಮಹಾದೇವಮ್ಮ ಸೊಸೆಯ ಮುಖವನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮುಖ ಇಷ್ಟು ಬಿಳಿಚಿಕೊಂಡದ್ದು ಅವಳಿಗೆ ಆವತ್ತೇ ಕಂಡಿತು.

ಇದೇನು ಒಂದು ಶ್ರಾವಣದಲ್ಲಿ ಆದದ್ದಲ್ಲ. ಆ ಮನೆಯಲ್ಲಿ, ನಮ್ಮ ಎಲ್ಲರ ಮನೆಯಂತೆ, ಮೊದಲು ಗಂಡಸರ ಊಟ, ಆಮೇಲೆ ಹಿರಿಯರದು, ಕೊನೆಗೆ ನೀಡುವವರದು. ಪುಂಡಿಸೊಪ್ಪಿನ ಪಲ್ಯ ಅಷ್ಟರಲ್ಲಿ ಖಾಲಿ. ಬುಟ್ಟಿಯ ತಳದ ರೊಟ್ಟಿಗೆ ಕಾರದ ಪುಡಿ ಹಚ್ಚಿಕೊಂಡು ತಿಂದು, ಮೇಲೊಂದು ಬಿಸಿ ಚಹಾ ಕುಡಿದರೆ ಕಸ್ತೂರಿಯ ಊಟ ಮುಗಿಯಿತು. ದೊಡ್ಡವಳಾದ ಮೇಲೆ ಸೌಂದರ್ಯಾಳೂ ಅವ್ವನ ಜೊತೆಗೇ ಕೂಡುತ್ತಿದ್ದಳು. ತಿಂಗಳು ತಿಂಗಳು ಮುಟ್ಟಿನಲ್ಲಿ ಹೋಗುವ ರಕ್ತ ಬೇರೆ. ಹೋಗುವುದಷ್ಟೇ ಇದ್ದು ಬರುವುದು ಇಲ್ಲದಿದ್ದರೆ ಯಾವ ಕಣಜ ತುಂಬಿರುತ್ತದೆ ಹೇಳಿ.

ದವಾಖಾನೆಯಿಂದ ಬರುವಾಗ ಆಯಿ ದಾರಿಯಲ್ಲೇ ನಿಂತಳು.

"ಮೂರು ಹೊತ್ತು ಉಂಡು ಗುಳಗಿ ತೊಗೋಬೇಕಂದ್ರ ಒಪ್ಪತ್ತು ಬಿಡಬೇಕಾಗ್ತದ. ಹರಕಿ ಮುರಿದ್ರ ಶರಣಬಸವೇಶ್ವರ ಅಪ್ಪ ಸಿಟ್ಟಾಗಂಗಿಲ್ಲೇನು? ಆಮ್ಯಾಲೆ ಕೂಸು ಹ್ಯಾಂಗ ಆರಿಸಿ ಬರ್ತದ?"

ನೂರಜಹಾನ್ ವಾದ ಮಾಡಲಿಲ್ಲ. "ದೇವರ ಮಾತಿನಾಗ ನಾ ಬಾಯಿ ಹಾಕಂಗಿಲ್ಲ, ಆಯಿ. ನಮ್ಮಲ್ಲೂ ಬ್ಯಾನಿ ಇದ್ದವರಿಗಿ ರೋಜಾ ಉಪವಾಸ ಮಾಫ್ ಅದ. ನಿಮ್ಮ ಅಪ್ಪಗ ನೀವೇ ಹೋಗಿ ಕೇಳ್ರಿ."

ಭಾನುವಾರ ಮಹಾದೇವಮ್ಮ ಮೊಮ್ಮಗಳನ್ನು ಕರೆದುಕೊಂಡು ಕಲಬುರಗಿಗೆ ಹೋದಳು. ಶರಣಬಸವೇಶ್ವರ ಗುಡಿಯಲ್ಲಿ ಕೈ ಮುಗಿದು ದಾಸೋಹದ ಸಾಲಿನಲ್ಲಿ ಕೂತರು. ತಾನು ಉಣ್ಣದಿದ್ದರೂ ಪ್ರಸಾದಕ್ಕೆ ಕೂಡದೆ ಹೋಗಬಾರದು ಎಂಬುದು ಆಯಿಯ ನೇಮ. ನೀಡುವವನು ಬಂದು ಸೌಂದರ್ಯಾಳ ಮುಂದೆ ಅನ್ನದ ಸೌಟು ಹಿಡಿದ. ಅವಳು ತಾಟಿಗೆ ಕೈ ಅಡ್ಡ ಹಿಡಿದಳು.

"ಒಪ್ಪತ್ತು ಅದ್ರೀ. ಒಂದು ಅಗಳು ಸಾಕು."

ನೀಡುವವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸೌಟು ಹಿಡಿದೇ ನಿಂತ. ಮಹಾದೇವಮ್ಮ ಆ ಪುಟ್ಟ ಕೈಯನ್ನು ನೋಡಿದಳು. ಬಿಳಿಚಿದ ಉಗುರುಗಳು. ಆ ಕಡೆ ಈ ಕಡೆ ಯಾರು ಯಾವ ಊರಿನವರೋ, ಹೊಟ್ಟೆ ತುಂಬ ಉಣ್ಣುತ್ತಿದ್ದರು. ಯಾರನ್ನೂ ಯಾರೂ ಏನೂ ಕೇಳುತ್ತಿರಲಿಲ್ಲ.

"ಕೈ ತಗಿಯವ್ವಾ," ಎಂದಳು. "ನೀಡ್ರಿ ಆಕಿಗಿ. ತಾಟ ತುಂಬ ನೀಡ್ರಿ."

"ಆಯಿ, ಹರಕಿ?"

"ತನ್ನ ಹೊಲದ ಜ್ವಾಳ ಹಕ್ಕಿ ತಿಂದ್ರೂ ಓಡಸಲಿಲ್ಲಂತ ನಮ್ಮಪ್ಪ. ಅಂಥಾವ ನನ್ನ ಕೂಸಿಗಿ ಹಸದಿರು ಅಂದಾನೇನು? ನಾನೇ ಅಂದಿದ್ದು ಅದು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹರಕಿ ನಂದದ, ನಾ ತೀರಸ್ತೀನಿ. ತೋಟದ ಚಲೋ ಗೊನಿ ದಾಸೋಹಕ್ಕ ತಂದು ಕೊಡ್ತೀನಿ. ನೀ ಉಣ್ಣು."

ಸೌಂದರ್ಯಾ ಉಂಡಳು. ಆಯಿಯೂ ಉಂಡಳು. ಎಷ್ಟೋ ದಿನದ ಮೇಲೆ ಇಬ್ಬರೂ ಹಗಲಿನಲ್ಲಿ ಹೊಟ್ಟೆ ತುಂಬ ಉಂಡು ಮೈದಾನಕ್ಕೆ ಹೋದರು. ದವಾಖಾನೆಯ ಮಾತು ಕೇಳಿ ರಾಜೇಶ್ರೀ ಮೇಡಂ ಹುಡುಗಿಯ ಬೆನ್ನು ಸವರಿದರು.

"ಡಾಕ್ಟರ್ ಹೂಂ ಅನ್ನೋ ತನಕ ಓಡಸಂಗಿಲ್ಲ ನಿನಗ. ಕೂತು ಆಟ ನೋಡು, ಅದೂ ಕಲಿಕೀನೇ," ಎಂದರು.

ಅಂದಿನಿಂದ ಮನೆಯ ಅಡುಗೆ ಹೊಸದೇನೂ ಆಗಲಿಲ್ಲ. ಅದೇ ಪುಂಡಿಪಲ್ಯ, ಅದೇ ತೊಗರಿಬೇಳೆ, ಮೊಳಕೆ ಹೆಸರುಕಾಳು, ಸಜ್ಜೆ ರೊಟ್ಟಿ, ಮೇಲೆ ಅರ್ಧ ನಿಂಬೆಹಣ್ಣಿನ ರಸ. ಬದಲಾದದ್ದು ಪಾಲು ಮಾತ್ರ. ರೊಟ್ಟಿ ಬೇಯುವ ಮೊದಲೇ ಸೊಸೆಯ ಪಲ್ಯ, ಮೊಮ್ಮಗಳ ಪಲ್ಯ ಎಂದು ಆಯಿ ಬೇರೆ ತೆಗೆದಿಡತೊಡಗಿದಳು. ಒಂದು ದಿನ ರೇವಣ ಇನ್ನಷ್ಟು ಪಲ್ಯ ಕೇಳಿದ.

"ಮುಗದದ. ಕಾರದ ಪುಡಿ ಹಚ್ಕೊಂಡು ತಿನ್ನು, ರುಚಿ ಇರ್ತದ," ಎಂದಳು ತಾಯಿ. ಹೆಂಡತಿ ದಿನಾ ಉಣ್ಣುತ್ತಿದ್ದ ಊಟದ ರುಚಿ ರೇವಣ ಆವತ್ತು ನೋಡಿದ. ಮರುದಿನ ಸಂತೆಯಿಂದ ಪುಂಡಿಸೊಪ್ಪಿನ ಎರಡು ಕಟ್ಟು ಹೆಚ್ಚು ತಂದ.

ಚಹಾದ ವಿಷಯ ಮಾತ್ರ ಜಗಳಕ್ಕೇ ಬಂತು. ಊಟದ ಮೇಲೆ, ಮಾತ್ರೆಯ ಮೇಲೆ ತಕ್ಷಣ ಚಹಾ ಕುಡಿದರೆ ಕಬ್ಬಿಣದ ಸತ್ವ ಮೈಗೆ ಹತ್ತುವುದಿಲ್ಲ, ಒಂದೆರಡು ತಾಸು ಬಿಡಬೇಕು ಎಂದಿದ್ದಳು ನೂರಜಹಾನ್. ನಮ್ಮ ಸೀಮೆಯವರಿಗೆ ಚಹಾ ಬಿಡಿ ಎಂದರೆ ಊರು ಬಿಡಿ ಎಂದಂತೆ. ಕಸ್ತೂರಿ ಗೊಣಗಿದಳು, ಆದರೆ ಬಿಟ್ಟಳು. ಮಲ ಕಪ್ಪಗಾಯಿತೆಂದು ಒಮ್ಮೆ ಸೌಂದರ್ಯಾ ಹೆದರಿದಾಗ, ಮಾತ್ರೆಯಿಂದ ಹಾಗಾಗುತ್ತದೆ, ನಿಲ್ಲಿಸಬೇಡ ಎಂದು ನೂರಜಹಾನ್ ಧೈರ್ಯ ಹೇಳಿದಳು. ತಿಂಗಳು ಕಳೆದಂತೆ ರಕ್ತ ಏರಿತು. ಡಾಕ್ಟರರು ಹೂಂ ಎಂದರು. ಮೇಡಂ ಮತ್ತೆ ಚೆಂಡು ಕೊಟ್ಟರು.

ಆಯ್ಕೆ ಪಂದ್ಯದ ದಿನ ಮನೆಯವರೆಲ್ಲ ಮೈದಾನದ ಅಂಚಿನಲ್ಲಿ ಬುತ್ತಿ ಬಿಚ್ಚಿ ಉಂಡು ಕೂತರು. ಚಹಾ ಮಾರುವವನು ಬಂದಾಗ ಕಸ್ತೂರಿಯ ಕೈ ಮುಂದೆ ಹೋಯಿತು. "ಈಗ ಉಂಡೀರಿ, ತಾಸು ಆಗಲಿ," ಎಂದು ಆಯಿ ಅವನನ್ನು ಮುಂದೆ ಸಾಗಹಾಕಿದಳು.

ಮೊದಲರ್ಧ ಮುಗಿಯಿತು. ಎರಡನೆಯ ಅರ್ಧ ಶುರುವಾದಾಗ ಮಹಾದೇವಮ್ಮ ಸೊಸೆಯ ಕೈ ಹಿಡಿದುಕೊಂಡಳು. ಸೌಂದರ್ಯಾ ಓಟ ನಿಲ್ಲಿಸಲಿಲ್ಲ. ಎದುರು ತಂಡದ ಹುಡುಗಿಯರು ಸೊಂಟಕ್ಕೆ ಕೈ ಇಟ್ಟು ಏದುಸಿರು ಬಿಡುವ ಹೊತ್ತಿಗೂ ಅವಳು ಚೆಂಡಿನ ಹಿಂದೆ ಓಡುತ್ತಿದ್ದಳು. ಗೋಲು ಹೊಡೆದಳೋ ಇಲ್ಲವೋ ಆಯಿಗೆ ತಿಳಿಯಲಿಲ್ಲ. ಕೂಸಿನ ಕಾಲು ಸೋಲಲಿಲ್ಲ ಎಂಬುದು ತಿಳಿಯಿತು. ಸಂಜೆ ಶಿಬಿರಕ್ಕೆ ಹೋಗುವವರ ಹೆಸರು ಓದಿದಾಗ ಅದರಲ್ಲಿ ಸೌಂದರ್ಯಾ ಇದ್ದಳು.

ಊರಿಗೆ ಬಂದು ಊಟಕ್ಕೆ ಕೂತರು. ಕಸ್ತೂರಿ ರೂಢಿಯಂತೆ ಸೌಟು ಹಿಡಿದು ನಿಂತಳು. ಮಹಾದೇವಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ನೀನೂ ಕೂಡವ್ವಾ. ಇವತ್ತು ಮೊದಲು ನಿಮಗ ನೀಡ್ತೀನಿ."

ಕಸ್ತೂರಿ ಮಗಳ ಪಕ್ಕ ಕೂತಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಬಿಸಿ ರೊಟ್ಟಿ ಅವಳ ತಾಟಿಗೆ ಮೊದಲು ಬಿದ್ದದ್ದು ಅದೇ ಸಲ. ಅವಳ ಕಣ್ಣಲ್ಲಿ ನೀರು ಬಂತು, ಉಣ್ಣುತ್ತಲೇ ಅತ್ತಳು.

ಸೌಂದರ್ಯಾ ಶಿಬಿರಕ್ಕೆ ಹೊರಟಿದ್ದಾಳೆ. ಅರ್ಹತಾ ಸುತ್ತಿನ ತಂಡಕ್ಕೆ ಸೇರುತ್ತಾಳೋ ಇಲ್ಲವೋ ಮುಂದೆ ತಿಳಿಯುತ್ತದೆ. ಸೋತರೂ ಆಟದಲ್ಲಿ ಸೋಲಲಿ, ಹಸಿವಿನಿಂದ ಸೋಲುವುದು ಬೇಡ ಎಂಬುದಷ್ಟೇ ಆಯಿಯ ಆಸೆ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹುಡುಗಿ ಫುಟ್‌ಬಾಲ್ ಆಡದಿರಬಹುದು. ಆದರೆ ಮೆಟ್ಟಿಲು ಹತ್ತುವಾಗ ಅವಳಿಗೆ ಏದುಸಿರು ಬರುತ್ತಿದ್ದರೆ, ಪಾಠದ ನಡುವೆ ಕಣ್ಣು ಕತ್ತಲೆ ಬರುತ್ತಿದ್ದರೆ, ದೃಷ್ಟಿ ತೆಗೆಯಿರಿ, ಬೇಡ ಎನ್ನುವುದಿಲ್ಲ. ಜೊತೆಗೆ ಹತ್ತಿರದ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತ ತಪಾಸಣೆ ಮಾಡಿಸಿ. ಅವಳ ಅವ್ವನದೂ ಮಾಡಿಸಿ. ಶಾಲೆಯಲ್ಲಿ ಕೊಟ್ಟ ಮಾತ್ರೆ ಬೇಲಿಗೆ ಹೋಗದಂತೆ ನೋಡಿಕೊಳ್ಳಿ. ಮತ್ತೆ ಇವತ್ತೇ, ಊಟಕ್ಕೆ ಕೂಡುವಾಗ, ನಿಮ್ಮ ಮನೆಯಲ್ಲಿ ಕೊನೆಯ ತಾಟು ಯಾರದು, ಅದರಲ್ಲಿ ಏನು ಉಳಿದಿದೆ ಎಂದು ಒಮ್ಮೆ ಬಗ್ಗಿ ನೋಡಿ.